ಹಳೆಯ ರೂಬಿ ಪ್ರಾಜೆಕ್ಟಿನ ಟೆಸ್ಟ್‌ಗಳನ್ನು ಮತ್ತೆ ನಂಬುವಂತೆ ಮಾಡುವುದು: ಕಬ್ಬಿನ ಬಿಲ್ಲಿನ ಉದಾಹರಣೆಯೊಂದಿಗೆ

ಮೈಸೂರಿನ ಹೂಟಗಳ್ಳಿಯಲ್ಲೋ ವಿಜಯನಗರದಲ್ಲೋ ಒಂದು ಸಣ್ಣ ಟೀಮಿಗೆ ಸೇರುತ್ತೀರಿ. ಹತ್ತು ವರ್ಷ ಹಳೆಯ ರೂಬಿ ಪ್ರಾಜೆಕ್ಟ್ ಕೈಗೆ ಬರುತ್ತದೆ. ಬರೆದವರು ಯಾರೂ ಈಗ ಅಲ್ಲಿಲ್ಲ. ಟೆಸ್ಟ್ ಫೋಲ್ಡರ್ ದೊಡ್ಡದಾಗಿಯೇ ಇದೆ. ಓಡಿಸಿದರೆ ಅರ್ಧ ಕೆಂಪು, ಅಂದರೆ ಬೀಳುತ್ತವೆ. ಉಳಿದ ಅರ್ಧ ಯಾಕೆ ಹಸಿರು ಅನ್ನುವುದೂ ಯಾರಿಗೂ ಗೊತ್ತಿಲ್ಲ. ಮ್ಯಾನೇಜರ್ ಮಾತ್ರ "ರೂಬಿ ವರ್ಷನ್ ಮೇಲಕ್ಕೆ ತನ್ನಿ" ಎನ್ನುತ್ತಿದ್ದಾರೆ.

ಈ ಲೇಖನ ಅಂಥವರಿಗಾಗಿ. ರೂಬಿ ಬರುತ್ತದೆ, ಆರ್‌ಸ್ಪೆಕ್‌ನಲ್ಲೋ ಮಿನಿಟೆಸ್ಟ್‌ನಲ್ಲೋ ಒಂದಷ್ಟು ಟೆಸ್ಟ್ ಬರೆದಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ವಿವರಿಸಲು ಒಂದು ಕಾಲ್ಪನಿಕ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಮಂಡ್ಯ ಸೀಮೆಯ ಕಬ್ಬಿನ ಲೋಡುಗಳ ಲೆಕ್ಕ ಇಡುವ ರೈಲ್ಸ್ ಅಪ್ಲಿಕೇಶನ್ ಅದು. ಟ್ರ್ಯಾಕ್ಟರ್ ವೇಬ್ರಿಡ್ಜ್ ಮೇಲೆ ನಿಲ್ಲುತ್ತದೆ, ತೂಕದ ಚೀಟಿ ಬರುತ್ತದೆ, ಆ ಚೀಟಿಯ ಮೇಲೆ ರೈತರ ಬಿಲ್ಲು ಆಗುತ್ತದೆ. ಪ್ರಾಜೆಕ್ಟ್ ಕಲ್ಪನೆಯದು, ನಿಯಮಗಳು ನಿಜವಾದವು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. 2024-25ರ ಹಂಗಾಮಿಗೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ), ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 340 ರೂಪಾಯಿ. ಇಳುವರಿ ಶೇ 0.1 ಏರಿದರೆ 3.32 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ. ಆದರೆ ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೂ 315.10 ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ.

ಇಂಥ ಸಾಫ್ಟ್‌ವೇರಿನಲ್ಲಿ ಒಂದು ಟೆಸ್ಟ್ ಸುಳ್ಳು ಹೇಳಿದರೆ ರೈತರ ದುಡ್ಡು ಹೋಗುತ್ತದೆ. ಅದಕ್ಕೇ ನಾನು ಎಲ್ಲಕ್ಕಿಂತ ಮೊದಲು ಹೇಳುವ ನಿಯಮ ಒಂದಿದೆ. ಕೋಡ್ ಬದಲಾಯಿಸುವ ಕಮಿಟ್‌ನಲ್ಲಿ ಟೆಸ್ಟ್ ಮುಟ್ಟಬೇಡಿ. ಟೆಸ್ಟ್ ಬದಲಾಯಿಸುವ ಕಮಿಟ್‌ನಲ್ಲಿ ಕೋಡ್ ಮುಟ್ಟಬೇಡಿ. ವೇಬ್ರಿಡ್ಜನ್ನೂ ಸರಿಮಾಡಿ, ಮೇಲಿರುವ ಲೋಡನ್ನೂ ಬದಲಾಯಿಸಿದರೆ ಬಂದ ತೂಕ ಏನನ್ನು ಹೇಳುತ್ತಿದೆ ಅಂತ ಗೊತ್ತಾಗುವುದಿಲ್ಲ, ಅಲ್ವಾ? ಹೊಸ ಫೀಚರ್ ಬರೆಯುವಾಗ ಎರಡೂ ಒಟ್ಟಿಗೆ ಬರುವುದು ಸಹಜ. ಹಳೆಯದನ್ನು ಹೊಸದಾಗಿಸುವಾಗ ಮಾತ್ರ ಈ ಶಿಸ್ತು ಬೇಕೇ ಬೇಕು. ಮುಂದಿನ ಎಲ್ಲಾ ಹಂತಗಳಲ್ಲೂ ಇದನ್ನು ಪಾಲಿಸುತ್ತೇವೆ.

ಮೊದಲು ಇದ್ದ ಹಾಗೇ ಓಡಲಿ

ಪ್ರಾಜೆಕ್ಟ್ ಕೈಗೆ ಬಂದ ಕೂಡಲೇ ಬಂಡಲ್ ಅಪ್‌ಡೇಟ್ ಕೊಟ್ಟು ಜೆಮ್‌ಗಳನ್ನೆಲ್ಲ (ರೂಬಿ ಲೈಬ್ರರಿಗಳನ್ನು) ಹೊಸದಾಗಿಸುವ ಆಸೆ ಬರುತ್ತದೆ. ಕೊಡಬೇಡಿ. ಜೆಮ್‌ಫೈಲ್ ಲಾಕ್‌ನಲ್ಲಿರುವ ವರ್ಷನ್‌ಗಳೇ ನಿಮ್ಮ ಹತ್ತಿರ ಇರುವ ಏಕೈಕ ದಾಖಲೆ. ಅದೇ ರೂಬಿ, ಅದೇ ಜೆಮ್‌ಗಳು, ಅದೇ ಡೇಟಾಬೇಸ್ ವರ್ಷನ್ ಇಟ್ಟುಕೊಂಡು ಟೆಸ್ಟ್ ಓಡಬೇಕು.

ಇಲ್ಲೇ ಬಹಳ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ 3 ಇದೆ. ರೂಬಿ 3.1ಕ್ಕಿಂತ ಹಳೆಯ ವರ್ಷನ್‌ಗಳು ಅದರ ಜೊತೆ ಹೊಂದುವುದಿಲ್ಲ. ಇನ್‌ಸ್ಟಾಲ್ ಅರ್ಧದಲ್ಲೇ ಬೀಳುತ್ತದೆ, ಅದನ್ನು ಸರಿಮಾಡಲು ಕೂತರೆ ದಿನಗಟ್ಟಲೆ ಹೋಗುತ್ತದೆ. ಡಾಕರ್‌ನಲ್ಲಿ ಆ ಹಳೆಯ ರೂಬಿಯ ಇಮೇಜ್ ತೆಗೆದುಕೊಂಡು ಅದರೊಳಗೆ ಓಡಿಸುವುದು ಸುಲಭದ ದಾರಿ. ಲ್ಯಾಪ್‌ಟಾಪೂ ಕೆಡುವುದಿಲ್ಲ, ಟೀಮಿನ ಎಲ್ಲರಿಗೂ ಒಂದೇ ಉತ್ತರ ಬರುತ್ತದೆ.

ಓಡಿದ ಮೇಲೆ ನಾಲ್ಕು ಸಂಗತಿ ಬರೆದಿಡಿ: ಒಟ್ಟು ಎಷ್ಟು ಟೆಸ್ಟ್, ಎಷ್ಟು ಬಿದ್ದವು, ಎಷ್ಟು ಸ್ಕಿಪ್ ಆದವು, ಎಷ್ಟು ಹೊತ್ತು ಹಿಡಿಯಿತು. ರೀಡ್‌ಮಿ ಫೈಲಿನಲ್ಲೇ ಇರಲಿ. ಮುಂದೆ ಯಾವುದೋ ಬದಲಾವಣೆ ಆದಾಗ ಒಟ್ಟು ಸಂಖ್ಯೆ ಇಳಿದಿದ್ದರೆ ಅನುಮಾನ ಪಡಿ. ಟೆಸ್ಟ್ ಪಾಸ್ ಆಗುವುದಕ್ಕೂ ಟೆಸ್ಟ್ ಲೋಡ್ ಆಗದೇ ಇರುವುದಕ್ಕೂ ಹಸಿರು ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಫೈಲಿನ ಹೆಸರಿನ ಕೊನೆಯಲ್ಲಿ ಸ್ಪೆಕ್ ಎಂಬ ಪದ ಬಿಟ್ಟುಹೋಗಿ, ವರ್ಷಗಟ್ಟಲೆ ಓಡದೇ ಉಳಿದ ಟೆಸ್ಟ್ ಫೈಲುಗಳು ಹಳೆಯ ಪ್ರಾಜೆಕ್ಟುಗಳಲ್ಲಿ ಸಿಗುತ್ತವೆ. ಹುಡುಕಿ ನೋಡಿ.

ಕೆಂಪು ಟೆಸ್ಟ್‌ಗಳನ್ನು ವಿಂಗಡಿಸಿ

ಬಿದ್ದ ಟೆಸ್ಟ್‌ಗಳನ್ನೆಲ್ಲ ಒಂದೇ ಸಲಕ್ಕೆ ಸರಿಮಾಡಲು ಹೋಗಬೇಡಿ. ಒಂದೊಂದನ್ನೂ ಓದಿ, ಯಾಕೆ ಬಿತ್ತು ಅಂತ ಒಂದು ಸಾಲು ಬರೆಯಿರಿ. ಕೆಲವು ನಿಮ್ಮ ಮೆಷೀನಿನ ಕಾರಣಕ್ಕೆ ಬಿದ್ದಿರುತ್ತವೆ: ಫಾಂಟ್ ಇಲ್ಲ, ರೆಡಿಸ್ ಇಲ್ಲ, ಬ್ರೌಸರ್ ಇಲ್ಲ. ಕೆಲವು ಹಳೆಯ ನಿಯಮವನ್ನು ಹಿಡಿದುಕೊಂಡಿರುತ್ತವೆ. ನಮ್ಮ ಉದಾಹರಣೆಯಲ್ಲಿ ಹಿಂದಿನ ಹಂಗಾಮಿನ ದರ ನಿರೀಕ್ಷಿಸುವ ಟೆಸ್ಟ್ ಅಂಥದ್ದು. ಕೆಲವು ನಿಜವಾದ ದೋಷವನ್ನೇ ತೋರಿಸುತ್ತಿರುತ್ತವೆ.

ನಿಜವಾದ ದೋಷ ಅಂತ ಗೊತ್ತಾದರೂ ಈಗಲೇ ಕೋಡ್ ತಿದ್ದಬೇಡಿ. ಆರ್‌ಸ್ಪೆಕ್ 3ರಲ್ಲಿ ಪೆಂಡಿಂಗ್ ಅನ್ನುವುದು ಇಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ಸ್ಕಿಪ್ ಎಂದರೆ ಟೆಸ್ಟ್ ಓಡುವುದೇ ಇಲ್ಲ. ಪೆಂಡಿಂಗ್ ಎಂದರೆ ಟೆಸ್ಟ್ ಓಡುತ್ತದೆ, ಬೀಳಬೇಕು ಅಂತ ನಿರೀಕ್ಷಿಸುತ್ತದೆ. ಮುಂದೆ ಯಾರೋ ದೋಷ ಸರಿಮಾಡಿದ ದಿನ ಅದೇ ಕೆಂಪಾಗಿ "ನಾನೀಗ ಪಾಸ್ ಆಗುತ್ತಿದ್ದೇನೆ, ಗುರುತು ತೆಗೆಯಿರಿ" ಅಂತ ಎಚ್ಚರಿಸುತ್ತದೆ. ಮಿನಿಟೆಸ್ಟ್‌ನಲ್ಲಿ ಸ್ಕಿಪ್ ಮಾತ್ರ ಇದೆ. ಅಲ್ಲಿ ಕಾರಣವನ್ನು ಜೊತೆಗೆ ಬರೆಯಲೇಬೇಕು ಅಂತ ಟೀಮಿನಲ್ಲಿ ಮಾತಾಡಿಕೊಳ್ಳಿ.

ಫೀಚರ್ ಯಾವಾಗಲೋ ತೆಗೆದುಹಾಕಿದ್ದರೆ ಅದರ ಟೆಸ್ಟನ್ನೂ ಅಳಿಸಿ. ಸುಮ್ನೆ ಇಟ್ಟುಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. ಗಿಟ್‌ನಲ್ಲಿ ಇದ್ದೇ ಇರುತ್ತದೆ.

ಹಸಿರು ಟೆಸ್ಟ್ ನಿಜಕ್ಕೂ ಕಾಯುತ್ತಿದೆಯಾ?

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಹಂತ ಇದು. ಜನ ಇದನ್ನೇ ಬಿಟ್ಟುಬಿಡುತ್ತಾರೆ.

ದರ ಲೆಕ್ಕ ಹಾಕುವ ಮೆಥಡ್‌ಗೆ ಎರಡು ಟೆಸ್ಟ್ ಇವೆ ಅಂದುಕೊಳ್ಳಿ. ಇಳುವರಿ 10.25 ಇದ್ದರೆ 340 ಬರಬೇಕು. ಇಳುವರಿ 9.5 ಇದ್ದರೆ 315.10 ಬರಬೇಕು. ಎರಡೂ ಹಸಿರು. ಕನಿಷ್ಠ ದರದ ಗಡಿಯನ್ನೂ ಪರೀಕ್ಷಿಸಿದ್ದೇವೆ ಅನ್ನಿಸುತ್ತದೆ. ಈಗ ಕೋಡ್‌ನಿಂದ ಕನಿಷ್ಠ ದರದ ಸಾಲನ್ನೇ ಅಳಿಸಿ ಟೆಸ್ಟ್ ಓಡಿಸಿ. ಇನ್ನೂ ಹಸಿರು! ಯಾಕೆ ಅಂದರೆ 10.25ರಿಂದ 9.5ಕ್ಕೆ ಇಳಿತ 0.75. ಅಂದರೆ ಏಳೂವರೆ ಸಲ 3.32, ಒಟ್ಟು 24.90. ಅದನ್ನು 340ರಿಂದ ಕಳೆದರೆ ಸರಿಯಾಗಿ 315.10. ಗಡಿಯ ಮೇಲೆ ಮಾಮೂಲಿ ಲೆಕ್ಕವೂ ಕನಿಷ್ಠ ದರವೂ ಒಂದೇ ಉತ್ತರ ಕೊಡುತ್ತವೆ.

ಇಳುವರಿ 9.2ಕ್ಕೆ ಇಳಿದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಕನಿಷ್ಠ ದರದ ಸಾಲು ಇಲ್ಲದಿದ್ದರೆ 305.14 ಬರುತ್ತದೆ. ಕ್ವಿಂಟಲಿಗೆ 9 ರೂಪಾಯಿ 96 ಪೈಸೆ ಕಡಿಮೆ. ಟನ್ನಿಗೆ 99 ರೂಪಾಯಿ 60 ಪೈಸೆ. ಲೋಡುಗಟ್ಟಲೆ ಕಬ್ಬು ಕೊಟ್ಟವರಿಗೆ ಇದು ಸಣ್ಣ ಮೊತ್ತವಲ್ಲ. ಆದ್ದರಿಂದ ಗಡಿಯ ಮೇಲೆ ಒಂದು, ಗಡಿಯಿಂದ ದೂರ ಕೆಳಗೆ ಒಂದು, ಮೇಲೆ ಒಂದು ಟೆಸ್ಟ್ ಬೇಕು. ಇಳುವರಿ 11.25 ಇದ್ದರೆ 373.20 ಬರಬೇಕು ಅನ್ನುವುದು ಮೇಲಿನದ್ದು.

ಹೀಗೆ ಬೇಕೆಂದೇ ಕೋಡ್ ಕೆಡಿಸಿ, ಟೆಸ್ಟ್ ಬೀಳುತ್ತದಾ ಅಂತ ನೋಡುವುದಕ್ಕೆ ಮ್ಯುಟೇಶನ್ ಟೆಸ್ಟಿಂಗ್ ಎನ್ನುತ್ತಾರೆ. ರೂಬಿಯಲ್ಲಿ ಮ್ಯುಟಂಟ್ ಎಂಬ ಜೆಮ್ ಇದನ್ನು ತಾನಾಗಿಯೇ ಮಾಡುತ್ತದೆ. ಆದರೆ ಹಳೆಯ ಪ್ರಾಜೆಕ್ಟ್‌ನಲ್ಲಿ ಶುರುವಿಗೆ ಕೈಯಿಂದಲೇ ಮಾಡಿ. ದುಡ್ಡು, ತೂಕ, ದಿನಾಂಕ ಮುಟ್ಟುವ ಮೆಥಡ್‌ಗಳನ್ನು ಆರಿಸಿಕೊಳ್ಳಿ. ಒಂದು ಸಾಲು ಅಳಿಸಿ, ಓಡಿಸಿ, ವಾಪಸ್ ಹಾಕಿ. ಬೀಳದ ಟೆಸ್ಟ್ ಸಿಕ್ಕರೆ ಅಲ್ಲೊಂದು ಹೊಸ ಟೆಸ್ಟ್ ಬರೆಯಿರಿ.

ಇದೇ ಹೊತ್ತಿನಲ್ಲಿ ಇನ್ನೊಂದು ಗಮನಿಸಿ. ನಿರೀಕ್ಷಿತ ಉತ್ತರವನ್ನು ಟೆಸ್ಟ್ ಒಳಗೆ ಅದೇ ಸೂತ್ರದಿಂದ ಲೆಕ್ಕ ಹಾಕಿರುತ್ತಾರೆ. ಸೂತ್ರ ತಪ್ಪಿದ್ದರೆ ಎರಡೂ ಕಡೆ ತಪ್ಪು, ಟೆಸ್ಟ್ ಹಸಿರು. ಉತ್ತರವನ್ನು ಕಾಗದದ ಮೇಲೆ ಲೆಕ್ಕ ಹಾಕಿ ಅಂಕಿಯಾಗಿಯೇ ಬರೆಯಿರಿ. ಬಿಲ್ಲು ಮಾಡುವ ಗುಮಾಸ್ತರ ಹತ್ತಿರ ಕೂತು ಒಂದು ಹಳೆಯ ಬಿಲ್ಲಿನಿಂದ ಅಂಕಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ದುಡ್ಡಿನ ಟೆಸ್ಟ್‌ಗಳಲ್ಲಿ ಫ್ಲೋಟ್ ಕಂಡರೆ ನಿಲ್ಲಿ. ರೂಬಿಯಲ್ಲಿ 0.1ಕ್ಕೆ 0.2 ಕೂಡಿದರೆ 0.3ಕ್ಕೆ ಸಮ ಬರುವುದಿಲ್ಲ. ಹಳೆಯ ಟೆಸ್ಟ್‌ಗಳು ಇದನ್ನು ಮುಚ್ಚಲು ಅಸರ್ಟ್ ಇನ್ ಡೆಲ್ಟಾ ಬಳಸಿರುತ್ತವೆ. ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟ 124.80 ಅಡಿ ತಲುಪಿತಾ ಅಂತ ಸೆನ್ಸರ್‌ನಿಂದ ಓದುವ ಕಡೆ ಸ್ವಲ್ಪ ಹೆಚ್ಚುಕಡಿಮೆ ಒಪ್ಪಬಹುದು. ರೈತರ ಬಿಲ್ಲಿನಲ್ಲಿ ಒಪ್ಪಬಾರದು. ಟೆಸ್ಟ್‌ನಲ್ಲಿ ಬಿಗ್‌ಡೆಸಿಮಲ್ (ದಶಮಾಂಶವನ್ನು ನಿಖರವಾಗಿ ಇಡುವ ಕ್ಲಾಸ್) ನಿರೀಕ್ಷಿಸಿ, ಅದಕ್ಕೆ ಪೆಂಡಿಂಗ್ ಗುರುತು ಹಾಕಿ. ಕೋಡನ್ನು ಬಿಗ್‌ಡೆಸಿಮಲ್‌ಗೆ ತರುವುದು ಆಮೇಲಿನ ಬೇರೆ ಕಮಿಟ್.

ಕವರೇಜ್, ಅಂದರೆ ಟೆಸ್ಟ್‌ಗಳು ಕೋಡಿನ ಎಷ್ಟು ಸಾಲು ಓಡಿಸಿದವು ಅಂತ ನೋಡಲು ಸಿಂಪಲ್‌ಕವ್ ಜೆಮ್ ಸಾಕು. ಅಪ್ಲಿಕೇಶನ್ ಕೋಡ್ ಲೋಡ್ ಆಗುವ ಮೊದಲೇ ಅದನ್ನು ಶುರುಮಾಡಬೇಕು, ಇಲ್ಲದಿದ್ದರೆ ಸುಳ್ಳು ಲೆಕ್ಕ ಬರುತ್ತದೆ. ರೂಬಿ 2.5ರಿಂದ ಬ್ರಾಂಚ್ ಕವರೇಜ್ ಕೂಡ ಇದೆ. ಆದರೆ ಶೇಕಡಾವಾರು ಅಂಕಿಯ ಹಿಂದೆ ಓಡಬೇಡಿ. ಮೇಲೆ ನೋಡಿದ ಕನಿಷ್ಠ ದರದ ಸಾಲಿಗೆ ಕವರೇಜ್ ಪೂರ್ತಿ ಇತ್ತು, ಕಾವಲು ಇರಲಿಲ್ಲ. ಟೆಸ್ಟೇ ಮುಟ್ಟದ ಫೈಲ್ ಯಾವುದು ಅಂತ ಹುಡುಕಲು ಮಾತ್ರ ಈ ವರದಿ ಬಳಸಿ.

ರಾತ್ರಿ ಎರಡು ಗಂಟೆಯ ಲೋಡು

ದಿನಾಂಕದ ಟೆಸ್ಟ್‌ಗಳು ನಮ್ಮ ದೇಶದಲ್ಲಿ ಒಂದು ನಿರ್ದಿಷ್ಟ ರೀತಿಯಲ್ಲಿ ಕೈಕೊಡುತ್ತವೆ. ನಮ್ಮ ಗಡಿಯಾರ ಯುಟಿಸಿಗಿಂತ (ಜಾಗತಿಕ ಪ್ರಮಾಣಿತ ಸಮಯ) ಐದೂವರೆ ಗಂಟೆ ಮುಂದೆ. ರೈಲ್ಸ್ ಡೇಟಾಬೇಸಿನಲ್ಲಿ ಸಮಯವನ್ನು ಯುಟಿಸಿಯಲ್ಲೇ ಇಡುತ್ತದೆ. ರಾತ್ರಿ 12ರಿಂದ ಬೆಳಗಿನ 5:30ರವರೆಗೆ ಇಲ್ಲಿ ಹೊಸ ದಿನ ಶುರುವಾಗಿರುತ್ತದೆ, ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ.

ಮಾರ್ಚ್ 10ರ ರಾತ್ರಿ ಎರಡು ಗಂಟೆಗೆ ಒಂದು ಟ್ರ್ಯಾಕ್ಟರ್ ತೂಕವಾಯಿತು ಅಂದುಕೊಳ್ಳಿ. ಯುಟಿಸಿಯಲ್ಲಿ ಅದು ಮಾರ್ಚ್ 9, ರಾತ್ರಿ ಎಂಟೂವರೆ. ತೂಕದ ದಿನ ಬಿಟ್ಟು ಎಣಿಸಿದರೆ ಹಣ ಕೊಡುವ ಕೊನೆಯ ದಿನ ಮಾರ್ಚ್ 24 ಆಗಬೇಕಾದದ್ದು 23 ಆಗುತ್ತದೆ. ಬಡ್ಡಿಯ ಲೆಕ್ಕವೂ ಒಂದು ದಿನ ಹಿಂದೆ ಶುರು. ಹಗಲಿನ ಲೋಡುಗಳಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ಟೆಸ್ಟ್ ಸೂಟ್‌ನಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಹಗಲು ಯಾವಾಗ ಓಡಿಸಿದರೂ ಹಸಿರು. ರಾತ್ರಿ ನಿಗದಿಯಾದ ಸಿಐ (ಸರ್ವರ್‌ನಲ್ಲಿ ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆ) ಓಟದಲ್ಲಿ ಮಾತ್ರ ಕೆಂಪು. ಬೆಳಗ್ಗೆ ಬಂದು ಮತ್ತೆ ಓಡಿಸಿದರೆ ಮತ್ತೆ ಹಸಿರು. "ಅದು ಹಂಗೇ, ರೀರನ್ ಕೊಡಿ" ಎಂದು ಟೀಮಿನಲ್ಲಿ ಎಲ್ಲರೂ ಹೇಳತೊಡಗುತ್ತಾರೆ. ಅಲ್ಲಿಗೆ ಸೂಟ್ ಮೇಲಿನ ನಂಬಿಕೆ ಹೋಯಿತು ಅಂತಲೇ ಅರ್ಥ. ಮೂಲ ಕಾರಣ ಸಾಮಾನ್ಯವಾಗಿ ಡೇಟ್ ಟುಡೇ ಮತ್ತು ಡೇಟ್ ಕರೆಂಟ್ ಎರಡನ್ನೂ ಬೆರೆಸಿರುವುದು. ಮೊದಲನೆಯದು ಮೆಷೀನಿನ ಗಡಿಯಾರ ನೋಡುತ್ತದೆ, ಎರಡನೆಯದು ರೈಲ್ಸ್‌ಗೆ ನೀವು ಹೇಳಿದ ಟೈಮ್‌ಝೋನ್ ನೋಡುತ್ತದೆ. ಗಿಟ್‌ಹಬ್ ಆಕ್ಷನ್ಸ್‌ನ ಮೆಷೀನುಗಳು ಯುಟಿಸಿಯಲ್ಲಿ ಓಡುತ್ತವೆ.

ಮಾಡಬೇಕಾದದ್ದು ಇಷ್ಟು. ರೈಲ್ಸ್ ಸೆಟ್ಟಿಂಗ್‌ನಲ್ಲಿ ಟೈಮ್‌ಝೋನ್ ಇದೆಯಾ ನೋಡಿ. ರೈಲ್ಸ್‌ನ ಪಟ್ಟಿಯಲ್ಲಿ ಚೆನ್ನೈ, ಕೋಲ್ಕತಾ, ಮುಂಬೈ, ನ್ಯೂ ಡೆಲ್ಲಿ ಅಂತ ನಾಲ್ಕು ಹೆಸರಿವೆ, ನಾಲ್ಕೂ ಒಂದೇ. ಆಮೇಲೆ ಪ್ರತಿ ದಿನಾಂಕದ ಟೆಸ್ಟ್‌ನಲ್ಲೂ ಗಡಿಯಾರವನ್ನು ನಿಲ್ಲಿಸಿ. ರೈಲ್ಸ್ 4.1ರಿಂದ ಟ್ರಾವೆಲ್ ಟು ಎಂಬ ಸಹಾಯಕ ಮೆಥಡ್ ಇದೆ. ಹಳೆಯ ಪ್ರಾಜೆಕ್ಟ್‌ಗಳಲ್ಲಿರುವ ಟೈಮ್‌ಕಾಪ್ ಜೆಮ್‌ನ ಬಹುಪಾಲು ಕೆಲಸವನ್ನು ಇದೇ ಮಾಡುತ್ತದೆ. ಇದನ್ನು ಬ್ಲಾಕ್ ಜೊತೆಗೇ ಬಳಸಿ, ಬ್ಲಾಕ್ ಮುಗಿದ ಕೂಡಲೇ ಗಡಿಯಾರ ತಾನೇ ವಾಪಸ್ ಬರುತ್ತದೆ. ಕೊನೆಗೆ, ಇಡೀ ಸೂಟನ್ನು ಟಿಝಡ್ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್ ಬದಲಾಯಿಸಿ ಎರಡು ಸಲ ಓಡಿಸಿ. ಒಮ್ಮೆ ಏಷ್ಯಾ ಕೋಲ್ಕತಾ, ಒಮ್ಮೆ ಯುಟಿಸಿ. ಎರಡರಲ್ಲೂ ಒಂದೇ ಫಲಿತಾಂಶ ಬರಬೇಕು.

ರಾತ್ರಿ 2 ಗಂಟೆಯ ಲೋಡಿಗೆ ಪ್ರತ್ಯೇಕ ಟೆಸ್ಟ್ ಬರೆಯುವಾಗ ಒಂದು ಪ್ರಶ್ನೆ ಬರುತ್ತದೆ. ಹದಿನಾಲ್ಕು ದಿನವನ್ನು ಎಲ್ಲಿಂದ ಎಣಿಸಬೇಕು? ಊಹೆ ಮಾಡಬೇಡಿ. "ಅಣ್ಣಾ, ಹದಿನಾಲ್ಕು ದಿನ ಅಂದ್ರೆ ತೂಕ ಆದ ದಿನಾನೂ ಸೇರಿಸ್ಕೋಬೇಕಾ?" ಅಂತ ಬಿಲ್ಲು ವಿಭಾಗದವರನ್ನೇ ಕೇಳಿ. ಅವರು ಹೇಳಿದ್ದನ್ನು ಟೆಸ್ಟಿನ ಹೆಸರಿನಲ್ಲೇ ಬರೆಯಿರಿ. ಮುಂದೆ ಬರುವವರು ಆ ಹೆಸರು ಓದಿಯೇ ನಿಯಮ ತಿಳಿಯಬೇಕು.

ಟೆಸ್ಟ್‌ಗೆ ಮಾದರಿ ದಾಖಲೆ ಹುಟ್ಟಿಸುವ ಫ್ಯಾಕ್ಟರಿಗಳಲ್ಲೂ ದಿನಾಂಕ ಅಡಗಿರುತ್ತದೆ. ಫ್ಯಾಕ್ಟರಿಗರ್ಲ್ ಜೆಮ್ 2017ರಲ್ಲಿ ಫ್ಯಾಕ್ಟರಿಬಾಟ್ ಎಂದು ಹೆಸರು ಬದಲಾಯಿಸಿಕೊಂಡಿತು. ಹಳೆಯ ಬರಹದಲ್ಲಿ ಬ್ಲಾಕ್ ಇಲ್ಲದೆ ನೇರವಾಗಿ ಇವತ್ತಿನ ದಿನಾಂಕ ಕೊಡುತ್ತಿದ್ದರು. ಫೈಲ್ ಲೋಡ್ ಆದಾಗ ಒಮ್ಮೆ ಮಾತ್ರ ಆ ದಿನಾಂಕ ಲೆಕ್ಕವಾಗುತ್ತಿತ್ತು, ಗಡಿಯಾರ ನಿಲ್ಲಿಸಿದರೂ ಬದಲಾಗುತ್ತಿರಲಿಲ್ಲ. 2019ರ ಫ್ಯಾಕ್ಟರಿಬಾಟ್ 5ರಿಂದ ಬ್ಲಾಕ್ ಕಡ್ಡಾಯ. ಅಷ್ಟು ಮೇಲಕ್ಕೆ ಬಂದರೆ ಈ ತೊಂದರೆ ತಾನಾಗಿ ಹೋಗುತ್ತದೆ.

ಕ್ರಮ ಬದಲಿಸಿ ಓಡಿಸಿ

ಮಿನಿಟೆಸ್ಟ್ ಮಾಮೂಲಿಯಾಗಿ ಟೆಸ್ಟ್‌ಗಳನ್ನು ಕಲಸಿ ಓಡಿಸುತ್ತದೆ. ಹಳೆಯ ಆರ್‌ಸ್ಪೆಕ್ ಪ್ರಾಜೆಕ್ಟ್‌ಗಳಲ್ಲಿ ಆ ಆಯ್ಕೆ ಹಾಕಿರುವುದಿಲ್ಲ. ಆರ್ಡರ್ ರ‍್ಯಾಂಡಮ್ ಹಾಕಿ. ಕೆಲವು ಟೆಸ್ಟ್‌ಗಳು ಬೀಳುತ್ತವೆ. ಮೊದಲಿನ ಟೆಸ್ಟ್ ಬಿಟ್ಟುಹೋದ ಡೇಟಾ, ಗ್ಲೋಬಲ್ ಸೆಟ್ಟಿಂಗ್ ಅಥವಾ ಕ್ಲಾಸ್ ವೇರಿಯಬಲ್ ಮೇಲೆ ಅವು ನಿಂತಿರುತ್ತವೆ. ಔಟ್‌ಪುಟ್‌ನಲ್ಲಿ ಸೀಡ್ ಸಂಖ್ಯೆ ಬರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಅದೇ ಸೀಡ್ ಕೊಟ್ಟರೆ ಅದೇ ಕ್ರಮ ಮತ್ತೆ ಬರುತ್ತದೆ. ಆರ್‌ಸ್ಪೆಕ್ 3.3ರಿಂದ ಬೈಸೆಕ್ಟ್ ಎಂಬ ಆಯ್ಕೆ ಇದೆ. ಯಾವ ಟೆಸ್ಟ್ ಯಾವುದನ್ನು ಕೆಡಿಸುತ್ತಿದೆ ಅಂತ ಅರ್ಧ ಅರ್ಧ ಕತ್ತರಿಸುತ್ತಾ ತಾನೇ ಹುಡುಕುತ್ತದೆ. ಮಿನಿಟೆಸ್ಟ್‌ಗೆ ಇದೇ ಕೆಲಸದ ಬೈಸೆಕ್ಟ್ ಜೆಮ್ ಬೇರೆಯಾಗಿ ಸಿಗುತ್ತದೆ. ಬಿಫೋರ್ ಆಲ್ ಬ್ಲಾಕ್‌ಗಳನ್ನು ಮೊದಲು ಅನುಮಾನಿಸಿ.

ಕನ್ನಡ ಹೆಸರುಗಳಿಗೆ ಟೆಸ್ಟ್ ಇದೆಯಾ?

ಹೊರಗಿನವರು ಬರೆದ ಟೆಸ್ಟ್‌ಗಳಲ್ಲಿ ಎಲ್ಲಾ ಹೆಸರೂ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತವೆ. ನಮ್ಮ ರೈತರ, ಊರುಗಳ ಹೆಸರು ಕನ್ನಡದಲ್ಲಿ ಬರುತ್ತವೆ. ಮದ್ದೂರು ತಾಲ್ಲೂಕಿನ ಕೊಪ್ಪವನ್ನೇ ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ಒತ್ವವನ್ನು ಒಂದೇ ಚಿಹ್ನೆಯಾಗಿ ಇಡಬಹುದು, ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ರೂಬಿಗೆ ಮಾತ್ರ ಒಂದು 5 ಕೋಡ್‌ಪಾಯಿಂಟಿನ ಪದ, ಇನ್ನೊಂದು 6ರದ್ದು. ಹೋಲಿಸಿದರೆ ಸಮ ಅಲ್ಲ ಎನ್ನುತ್ತದೆ. ಒಂದೇ ಊರು ಪಟ್ಟಿಯಲ್ಲಿ ಎರಡು ಸಲ ಬರುತ್ತದೆ, ಹುಡುಕಿದರೆ ಅರ್ಧ ರೈತರು ಸಿಗುವುದಿಲ್ಲ.

ರೂಬಿ 2.2ರಿಂದ ಸ್ಟ್ರಿಂಗ್‌ಗೆ ಯೂನಿಕೋಡ್ ನಾರ್ಮಲೈಸ್ ಮೆಥಡ್ ಇದೆ. ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಅದನ್ನು ಬಳಸಬೇಕು. ಎರಡು ರೂಪಗಳನ್ನೂ ಕೊಟ್ಟು ಒಂದೇ ದಾಖಲೆ ಬರುತ್ತದಾ ಅಂತ ಟೆಸ್ಟ್ ಬರೆಯಿರಿ. ಚೀಟಿ ಪ್ರಿಂಟ್ ಮಾಡುವ ಕಡೆ ಇನ್ನೊಂದು: ಮಂಡ್ಯ ಎಂಬ ಎರಡಕ್ಷರದ ಪದಕ್ಕೆ ರೂಬಿಯ ಲೆಂಗ್ತ್ 5 ಕೊಡುತ್ತದೆ. ಇದನ್ನು ನಂಬಿ ಕಾಲಂ ಜೋಡಿಸಿದರೆ ಚೀಟಿಯ ಸಾಲುಗಳು ಸೊಟ್ಟಗಾಗುತ್ತವೆ. ಮೈಸೂರು, ಮಂಡ್ಯದಲ್ಲಿ ಕೆಲಸ ಮಾಡುವ ನಾವು ಈ ಟೆಸ್ಟ್ ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಹಳೆಯ ಬರಹದಿಂದ ಹೊಸ ಬರಹಕ್ಕೆ

ಈಗ ಸೂಟ್ ನಂಬುವಂತಾಗಿದೆ. ಇನ್ನು ಅದರ ಭಾಷೆ ಬದಲಿಸಬಹುದು.

ಆರ್‌ಸ್ಪೆಕ್ 2 ಇದ್ದರೆ ನೇರ 3ಕ್ಕೆ ಹಾರಬೇಡಿ. ನಡುವೆ 2.99 ಎಂಬ ವರ್ಷನ್ ಇದೆ. 3ರಲ್ಲಿ ಏನೇನು ಮುರಿಯುತ್ತದೆ ಅಂತ ಮೊದಲೇ ಎಚ್ಚರಿಸುವುದೇ ಅದರ ಕೆಲಸ. ಅಲ್ಲಿ ನಿಂತು ಟ್ರಾನ್ಸ್‌ಪೆಕ್ ಎಂಬ ಉಪಕರಣ ಓಡಿಸಿ. ಶುಡ್ ಎಂದು ಬರೆದ ಸಾಲುಗಳನ್ನು ಅದು ಎಕ್ಸ್‌ಪೆಕ್ಟ್ ಬರಹಕ್ಕೆ ತರುತ್ತದೆ, ಹಳೆಯ ಸ್ಟಬ್‌ಗಳನ್ನು ಅಲೌ ಬರಹಕ್ಕೆ ತರುತ್ತದೆ. ಅದು ಮಾಡಿದ್ದನ್ನು ಒಂದೇ ಕಮಿಟ್ ಮಾಡಿ, ಅದರಲ್ಲಿ ಕೈಯಿಂದ ಮಾಡಿದ ಬದಲಾವಣೆ ಸೇರಿಸಬೇಡಿ. ಆ ಕಮಿಟ್‌ನ ಗುರುತನ್ನು ಗಿಟ್ ಬ್ಲೇಮ್ ಬಿಟ್ಟುಬಿಡುವ ಪಟ್ಟಿಗೆ ಸೇರಿಸಿ, ಗಿಟ್ 2.23ರಿಂದ ಈ ಅನುಕೂಲ ಇದೆ. ಆಗ ನಿಜವಾಗಿ ಆ ಟೆಸ್ಟ್ ಬರೆದವರು ಯಾರು ಅಂತ ಮುಂದೆಯೂ ತಿಳಿಯುತ್ತದೆ. ಬಿ ಟ್ರೂ ಎಂಬ ಮ್ಯಾಚರ್ ಇದ್ದ ಕಡೆ ಮಾತ್ರ ಕಣ್ಣಾಡಿಸಿ. ಹಳೆಯದರಲ್ಲಿ ಅದು ನಿಲ್ ಮತ್ತು ಫಾಲ್ಸ್ ಬಿಟ್ಟು ಯಾವುದನ್ನಾದರೂ ಒಪ್ಪುತ್ತಿತ್ತು. ಉಪಕರಣ ಅದನ್ನು ಬಿ ಟ್ರೂತಿ ಮಾಡುತ್ತದೆ. ಬಿಲ್ಲು ಪಾವತಿಯಾಗಿದೆಯಾ ಎಂಬಂಥ ಪ್ರಶ್ನೆಗೆ ಸರಿಯಾಗಿ ಟ್ರೂ ಬರಲೇಬೇಕು ಅಂತ ಬಿಗಿ ಮಾಡುವುದು ಒಳ್ಳೆಯದು.

ಮಿನಿಟೆಸ್ಟ್‌ನಲ್ಲಿ ಕೆಲಸ ಕಡಿಮೆ. ಕ್ಲಾಸ್ ಹೆಸರಿನ ನಡುವೆ ದೊಡ್ಡ ಟಿ ಇರುವ ಹಳೆಯ ರೂಪ 2023ರ 5.19ರಿಂದ ತಾನಾಗಿ ಸಿಗುವುದಿಲ್ಲ, ಹುಡುಕಿ ಬದಲಾಯಿಸಿ. ನಿಲ್ ಬರಬೇಕು ಎಂದು ಅಸರ್ಟ್ ಈಕ್ವಲ್ ಬಳಸಿದ್ದರೆ ಅಸರ್ಟ್ ನಿಲ್ ಮಾಡಿ.

ಆರ್‌ಸ್ಪೆಕ್‌ನಿಂದ ಮಿನಿಟೆಸ್ಟ್‌ಗೋ ಅದರಿಂದ ಇದಕ್ಕೋ ಪೂರ್ತಿ ಬದಲಾಯಿಸೋಣ ಅಂತ ಟೀಮಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಎರಡೂ ಚೆನ್ನಾಗಿವೆ, ಎರಡನ್ನೂ ಇವತ್ತಿಗೂ ನೋಡಿಕೊಳ್ಳುವವರಿದ್ದಾರೆ. ಆ ಸಮಯವನ್ನು ಇಳುವರಿ 9.2ರಂಥ ಟೆಸ್ಟ್‌ಗಳಿಗೆ ಕೊಡಿ.

ರೈಲ್ಸ್ ಕಂಟ್ರೋಲರ್ ಟೆಸ್ಟ್‌ಗಳಲ್ಲಿ ಅಸೈನ್ಸ್ ಕಂಡರೆ ತಿಳಿಯಿರಿ, ಅದು ರೈಲ್ಸ್ 5ರಲ್ಲಿ ಬೇರೆ ಜೆಮ್‌ಗೆ ಹೋಗಿದೆ. ಸದ್ಯಕ್ಕೆ ಆ ಜೆಮ್ ಸೇರಿಸಿ ಮುಂದೆ ಹೋಗಿ. ಹೊಸ ಟೆಸ್ಟ್‌ಗಳನ್ನು ರಿಕ್ವೆಸ್ಟ್ ಟೆಸ್ಟ್ ಆಗಿ ಬರೆಯಿರಿ. ಬ್ರೌಸರ್ ಟೆಸ್ಟ್‌ಗಳು ಫ್ಯಾಂಟಮ್‌ಜೆಎಸ್ ಮೇಲೆ ನಿಂತಿದ್ದರೆ ಹೆಡ್‌ಲೆಸ್ ಕ್ರೋಮ್‌ಗೆ ತನ್ನಿ. ಫ್ಯಾಂಟಮ್‌ಜೆಎಸ್ ಕೆಲಸ 2018ರಲ್ಲೇ ನಿಂತಿದೆ.

ರೂಬಿ, ಒಂದೊಂದೇ ಮೆಟ್ಟಿಲು

ಸೂಟ್ ಗಟ್ಟಿಯಾದ ಮೇಲೆ ರೂಬಿ ಏರಿಸುವುದು ಹೆದರುವ ಕೆಲಸವಲ್ಲ. 2.5ರಲ್ಲಿದ್ದರೆ 2.6, ಆಮೇಲೆ 2.7. ಅಲ್ಲಿ ಸ್ವಲ್ಪ ದಿನ ನಿಲ್ಲಿ. 2.7ರ ಮೇಲೆ ನಿಂತು ರೈಲ್ಸ್ ಅನ್ನು 7.1 ವರೆಗೆ ಒಂದೊಂದಾಗಿ ತರಬಹುದು. ರೈಲ್ಸ್ 7.2ಕ್ಕೆ ಕನಿಷ್ಠ ರೂಬಿ 3.1 ಬೇಕು, 8.0ಕ್ಕೆ 3.2.

2.7ರಲ್ಲಿ ನಿಲ್ಲಲು ಇನ್ನೊಂದು ಕಾರಣ ಕೀವರ್ಡ್ ಆರ್ಗ್ಯುಮೆಂಟ್‌ಗಳು. 3.0ರಲ್ಲಿ ಹ್ಯಾಶ್ ಬೇರೆ, ಕೀವರ್ಡ್ ಬೇರೆ ಆದವು. 2.7 ಅದನ್ನು ಮೊದಲೇ ಎಚ್ಚರಿಸುತ್ತದೆ. ಆದರೆ 2.7.2ರಿಂದ ಈ ಎಚ್ಚರಿಕೆಗಳು ಮಾಮೂಲಿಯಾಗಿ ಕಾಣುವುದಿಲ್ಲ, ಡೆಪ್ರಿಕೇಟೆಡ್ ಎಂಬ ವಾರ್ನಿಂಗ್ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಆನ್ ಮಾಡದೆ "ಏನೂ ವಾರ್ನಿಂಗ್ ಇಲ್ಲ" ಅಂತ 3.0ಕ್ಕೆ ಹೋದವರು ತೊಂದರೆಗೆ ಸಿಲುಕುತ್ತಾರೆ. ಡೆಪ್ರಿಕೇಶನ್ ಟೂಲ್‌ಕಿಟ್ ಎಂಬ ಜೆಮ್ ಈಗಿರುವ ಎಚ್ಚರಿಕೆಗಳನ್ನು ದಾಖಲಿಸಿಕೊಂಡು, ಹೊಸದು ಬಂದರೆ ಟೆಸ್ಟ್ ಬೀಳಿಸುತ್ತದೆ.

ಟೆಸ್ಟ್‌ನಲ್ಲಿ ನಿಜವಾದ ಕ್ಲಾಸಿನ ಬದಲು ಇಡುವ ನಕಲಿಗಳು, ಅಂದರೆ ಮಾಕ್‌ಗಳು, ಈ ತೊಂದರೆಯನ್ನು ಮುಚ್ಚಿಡುತ್ತವೆ. ಬರೀ ಡಬಲ್ ಏನು ಕೊಟ್ಟರೂ ತೆಗೆದುಕೊಳ್ಳುತ್ತದೆ. ನಿಜವಾದ ಕ್ಲಾಸ್ ಮಾತ್ರ ಪ್ರೊಡಕ್ಷನ್‌ನಲ್ಲಿ ಎರರ್ ಕೊಡುತ್ತದೆ. ಇನ್‌ಸ್ಟೆನ್ಸ್ ಡಬಲ್ ಬಳಸಿದರೆ ಮೆಥಡ್ ಇದೆಯಾ, ಆರ್ಗ್ಯುಮೆಂಟ್ ಸರಿಯಾ ಅಂತ ಅದು ನೋಡುತ್ತದೆ. ವೆರಿಫೈ ಪಾರ್ಶಿಯಲ್ ಡಬಲ್ಸ್ ಸೆಟ್ಟಿಂಗನ್ನೂ ಆನ್ ಮಾಡಿ. ಈ ಎರಡನ್ನೂ 3.0ಕ್ಕೆ ಹೋಗುವ ಮೊದಲೇ ಮುಗಿಸಿ.

ಮುಂದಿನ ಮೆಟ್ಟಿಲುಗಳಲ್ಲಿ ಟೆಸ್ಟ್ ಬೀಳುವ ಕಾರಣಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. 3.1ರಲ್ಲಿ ಯಾಮಲ್ ಲೋಡ್ ಬಿಗಿಯಾಯಿತು. ಫಿಕ್ಸ್ಚರ್ ಅಥವಾ ಸೆಟ್ಟಿಂಗ್ ಫೈಲನ್ನು ನೀವೇ ಓದುವ ಕಡೆ ಅಲಿಯಾಸ್ ಅಥವಾ ದಿನಾಂಕ ಇದ್ದರೆ ಎರರ್ ಬರುತ್ತದೆ, ಸ್ಪಷ್ಟವಾಗಿ ಅನುಮತಿ ಕೊಡಬೇಕು. 3.2ರಲ್ಲಿ ಫೈಲ್ ಎಕ್ಸಿಸ್ಟ್ಸ್ ಹೋಯಿತು, ಕೊನೆಯ ಎಸ್ ಇಲ್ಲದ ಎಕ್ಸಿಸ್ಟ್ ಉಳಿದಿದೆ. ಫಿಕ್ಸ್‌ನಮ್ ಎಂಬ ಕ್ಲಾಸ್ ಕೂಡ ಅಲ್ಲೇ ಹೋಯಿತು. 3.4ರಲ್ಲಿ ಹ್ಯಾಶ್ ಇನ್‌ಸ್ಪೆಕ್ಟ್ ಬರೆಯುವ ರೀತಿ ಬದಲಾಯಿತು, ಎರರ್ ಸಂದೇಶಗಳ ಉದ್ಧರಣ ಚಿಹ್ನೆಯೂ ಬದಲಾಯಿತು. ಸಂದೇಶವನ್ನು ಅಕ್ಷರಕ್ಕಕ್ಷರ ಹೋಲಿಸುವ ಟೆಸ್ಟ್‌ಗಳು ಇಲ್ಲಿ ಸಾಲಾಗಿ ಬೀಳುತ್ತವೆ. ಅವುಗಳನ್ನು ಸಂದೇಶದ ಬದಲು ಎರರ್ ಕ್ಲಾಸ್ ನೋಡುವಂತೆ ಮೊದಲೇ ತಿದ್ದಿಡಿ. ಸಿಎಸ್‌ವಿ, ಬಿಗ್‌ಡೆಸಿಮಲ್, ಬೇಸ್64 ಕೂಡ 3.4ರಲ್ಲಿ ಬಂಡಲ್ಡ್ ಜೆಮ್ ಆದವು. ನಮ್ಮ ಕಬ್ಬಿನ ಲೆಕ್ಕಕ್ಕೆ ಸಿಎಸ್‌ವಿ, ಬಿಗ್‌ಡೆಸಿಮಲ್ ಬೇಕೇ ಬೇಕು, ಆದ್ದರಿಂದ ಅವುಗಳ ಹೆಸರನ್ನು ಜೆಮ್‌ಫೈಲ್‌ನಲ್ಲಿ ಬರೆಯಿರಿ.

ಪ್ರತಿ ಮೆಟ್ಟಿಲಿಗೂ ಮೊದಲು ಎರಡೂ ವರ್ಷನ್‌ಗಳಲ್ಲಿ ನಡೆಯುವಂತೆ ತಿದ್ದಿ, ಅದನ್ನು ಮುಖ್ಯ ಬ್ರಾಂಚಿಗೆ ಸೇರಿಸಿ, ಆಮೇಲೆ ವರ್ಷನ್ ಸಂಖ್ಯೆ ಬದಲಿಸಿ. ಆಗ ಸಂಖ್ಯೆ ಬದಲಿಸುವ ಕಮಿಟ್ ಒಂದೆರಡು ಸಾಲಿನಷ್ಟೇ ಇರುತ್ತದೆ. ತೊಂದರೆಯಾದರೆ ವಾಪಸ್ ತೆಗೆಯುವುದೂ ಸುಲಭ.

ವೇಗ

ನಿಧಾನದ ಸೂಟನ್ನು ಜನ ಓಡಿಸುವುದಿಲ್ಲ. ಆರ್‌ಸ್ಪೆಕ್‌ನ ಪ್ರೊಫೈಲ್ ಆಯ್ಕೆ ಅತಿ ನಿಧಾನದ ಟೆಸ್ಟ್‌ಗಳನ್ನು ತೋರಿಸುತ್ತದೆ. ಫ್ಯಾಕ್ಟರಿಗಳಲ್ಲಿ ಎಷ್ಟು ದಾಖಲೆ ಹುಟ್ಟುತ್ತಿವೆ ಅಂತ ಟೆಸ್ಟ್‌ಪ್ರೊಫ್ ಜೆಮ್ ಎಣಿಸಿ ಹೇಳುತ್ತದೆ. ಒಂದು ತೂಕದ ಚೀಟಿ ಮಾಡಲು ಹೋದರೆ ರೈತರು, ಊರು, ತಾಲ್ಲೂಕು, ಹಂಗಾಮು, ವಾಹನ ಎಲ್ಲವೂ ಡೇಟಾಬೇಸಿನಲ್ಲಿ ಹುಟ್ಟಿಕೊಳ್ಳುವುದು ಸಾಮಾನ್ಯ. ದರದ ಲೆಕ್ಕಕ್ಕೆ ಇವ್ಯಾವುದೂ ಬೇಡ, ಸಂಖ್ಯೆ ಕೊಟ್ಟು ಸಂಖ್ಯೆ ಪಡೆಯುವ ಟೆಸ್ಟ್ ಸಾಕು. ಇದು ಸರಿಯಾದ ಮೇಲೆ, ಮಿನಿಟೆಸ್ಟ್ ಆಗಿದ್ದರೆ, ರೈಲ್ಸ್ 6ರಿಂದ ಇರುವ ಪ್ಯಾರಲಲ್ ಟೆಸ್ಟಿಂಗ್ ಆನ್ ಮಾಡಿ. ಮೊದಲೇ ಮಾಡಿದರೆ ಕ್ರಮದ ದೋಷಗಳು ಇನ್ನೂ ಗೋಜಲಾಗುತ್ತವೆ.

ಎಸ್‌ಎಂಎಸ್ ಕಳಿಸುವ, ಬ್ಯಾಂಕಿಗೆ ಮಾತಾಡುವ ಟೆಸ್ಟ್‌ಗಳು ನಿಜವಾದ ಇಂಟರ್‌ನೆಟ್ ಮುಟ್ಟಬಾರದು. ವೆಬ್‌ಮಾಕ್ ಹಾಕಿ ಹೊರಗಿನ ಸಂಪರ್ಕವನ್ನೆಲ್ಲ ಮುಚ್ಚಿಬಿಡಿ. ವಿಸಿಆರ್ ಜೆಮ್‌ನ ಹಳೆಯ ರೆಕಾರ್ಡಿಂಗ್ ಫೈಲುಗಳಿದ್ದರೆ ತೆರೆದು ಓದಿ. ಪಾಸ್‌ವರ್ಡ್, ರೈತರ ಖಾತೆ ಸಂಖ್ಯೆ ಒಳಗೆ ಉಳಿದಿರುತ್ತವೆ. ಸಿಕ್ಕರೆ ಫೈಲ್ ಅಳಿಸಿದರೆ ಸಾಲದು, ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಅದು ಇದ್ದೇ ಇರುತ್ತದೆ. ಆ ಪಾಸ್‌ವರ್ಡನ್ನೇ ಬದಲಾಯಿಸಬೇಕು.

ಸಿಐ

ಹಳೆಯ ಪ್ರಾಜೆಕ್ಟ್‌ನಲ್ಲಿ ಟ್ರಾವಿಸ್ ಫೈಲ್ ಇರಬಹುದು. ಉಚಿತವಾಗಿದ್ದ ಆ ಹಳೆಯ ಸೇವೆ 2021ರಲ್ಲಿ ಮುಚ್ಚಿತು. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಸೆಟಪ್ ರೂಬಿ ಎಂಬ ತಯಾರು ಹಂತ ಇದೆ. ಬಂಡಲರ್ ಕ್ಯಾಶ್ ಆಯ್ಕೆ ಹಾಕಿದರೆ ಜೆಮ್‌ಗಳು ಪ್ರತಿ ಸಲ ಇಳಿಯುವುದಿಲ್ಲ.

ಯಾವ ಯಾವ ವರ್ಷನ್‌ನಲ್ಲಿ ಓಡಿಸಬೇಕು ಎಂಬ ಪಟ್ಟಿಯಾದ ಮ್ಯಾಟ್ರಿಕ್ಸ್‌ನಲ್ಲಿ ಎರಡು ಸಾಲು ಇಡಿ. ಒಂದು ಈಗ ಪ್ರೊಡಕ್ಷನ್‌ನಲ್ಲಿರುವ ರೂಬಿ. ಇನ್ನೊಂದು ಮುಂದಿನ ವರ್ಷನ್. ಎರಡನೆಯದು ಬಿದ್ದರೂ ಕೆಲಸ ನಿಲ್ಲದಂತೆ ಕಂಟಿನ್ಯೂ ಆನ್ ಎರರ್ ಹಾಕಿ. ರೂಬಿಯ ಹೊಸ ವರ್ಷನ್ ಪ್ರತಿ ವರ್ಷ ಡಿಸೆಂಬರ್ 25ಕ್ಕೆ ಬರುತ್ತದೆ, ಅದಕ್ಕೂ ಮೊದಲೇ ಪ್ರೀವ್ಯೂಗಳು ಸಿಗುತ್ತವೆ. ಆ ಸಾಲು ಯಾಕೆ ಕೆಂಪಾಗಿದೆ ಅಂತ ವಾರಕ್ಕೊಮ್ಮೆ ಒಬ್ಬರು ನೋಡಲಿ, ಸರದಿ ಮೇಲೆ ಮಾಡಿಕೊಳ್ಳಿ. ಅದು ಎರಡು ಟೈಮ್‌ಝೋನ್‌ನಲ್ಲೂ ಹಸಿರಾದ ದಿನ ಕಂಟಿನ್ಯೂ ಆನ್ ಎರರ್ ತೆಗೆಯಿರಿ. ಪ್ರೊಡಕ್ಷನ್ ಬದಲಾದ ಮೇಲೆ ಹಳೆಯ ಸಾಲನ್ನು ಅಳಿಸಿ, ಅದರ ಜಾಗಕ್ಕೆ ಮುಂದಿನ ವರ್ಷನ್ ಹಾಕಿ.